ಪೀಣ್ಯದ ಶೆಡ್ಡಿಗೆ ಬಂದ ಮೀನಿನ ಲೆಕ್ಕ

ಮೊನ್ನೆ ಮಾಕಳಿಯಲ್ಲಿ ನಮ್ಮ ಮನೆಗೆ ಹೋಗುವ ರಸ್ತೆಯ ಬದಿಗೆ ಹೊಸದಾಗಿ ಒಂದು ಮೀನಿನ ಅಂಗಡಿ ತೆರೆದರು. ತರಕಾರಿ ಚೀಲ ಹಿಡಿದು ಅದರ ಮುಂದೆ ಹಾದುಹೋಗುವಾಗ, ಐಸು ಕರಗಿ ಹರಿದ ನೀರಿನಿಂದ ಆ ವಾಸನೆ ಎದ್ದಿತು. ಜೊತೆಗಿದ್ದ ಸೊಸೆ ಮೂಗಿಗೆ ಸೆರಗು ಒತ್ತಿಕೊಂಡು ಬೇಗ ಬೇಗ ಮುಂದೆ ನಡೆದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವಳಲ್ಲ ನಾನು. ಆದರೂ ಆ ವಾಸನೆಗೆ ನನ್ನ ಮೊದಲ ಕೆಲಸ ನೆನಪಾಯಿತು, ಕೆಲಸದ ಜೊತೆಗೆ ನಮ್ಮ ಮೇಡಂ...

ಎಂಬತ್ತರ ದಶಕದ ಮೊದಲ ವರ್ಷಗಳವು. ಪೀಣ್ಯದಲ್ಲಿ ಆಗ ಎತ್ತ ನೋಡಿದರೂ ಲೇತ್ ಯಂತ್ರಗಳ ಶೆಡ್ಡು, ಕಬ್ಬಿಣ ಕೊರೆಯುವ ಸದ್ದು. ಅವುಗಳ ನಡುವೆ ಒಂದು ಶೆಡ್ಡಿನಲ್ಲಿ ಮಾತ್ರ ಲೆಕ್ಕದ ಕೆಲಸ ನಡೆಯುತ್ತಿತ್ತು. ಬೇರೆ ಬೇರೆ ಕಚೇರಿಗಳು ಕಳಿಸುವ ಅಂಕಿಗಳನ್ನು ನಾವು ಹುಡುಗಿಯರು ಯಂತ್ರದ ಮುಂದೆ ಕೂತು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಮೂಡಿಸುತ್ತಿದ್ದೆವು. ಆ ಕಾರ್ಡುಗಳನ್ನು ವಿಂಗಡಿಸಲು ಒಂದು ಯಂತ್ರ, ಮೊತ್ತ ಕೂಡಿಸಿ ಅಚ್ಚು ಹಾಕಲು ಇನ್ನೊಂದು. ನಾನು ಟೈಪಿಂಗ್ ಪಾಸು ಮಾಡಿ, ಮಾಕಳಿಯಿಂದ ದಿನವೂ ಬಸ್ಸಿನಲ್ಲಿ ಬಂದು ಆ ಕೆಲಸಕ್ಕೆ ಸೇರಿದ್ದೆ. ಅಲ್ಲಿಯವರೆಗೆ ಬಂದದ್ದೆಲ್ಲ ಕಾರ್ಖಾನೆಗಳ ಸಂಬಳದ ಲೆಕ್ಕ, ಬಿಡಿಭಾಗಗಳ ಲೆಕ್ಕ. ಒಂದು ದಿನ ಗೋಣಿಚೀಲದಲ್ಲಿ ಕಟ್ಟಿದ ಕಾಗದಗಳು ಬಂದವು. ಚೀಲ ಬಿಚ್ಚಿದ್ದೇ ತಡ, ಶೆಡ್ಡೆಲ್ಲ ಮೀನಿನ ವಾಸನೆ. ಕೆಲವು ಹಾಳೆಗಳಿಗೆ ಮೀನಿನ ಹುರುಪೆ ಅಂಟಿಕೊಂಡು ಒಣಗಿತ್ತು.

ಚೀಲದ ಹಿಂದೆಯೇ ಮೇಡಂ ಬಂದರು. ನಲವತ್ತರ ಆಸುಪಾಸಿನ, ಎತ್ತರದ ಹೆಂಗಸು. ಹತ್ತಿ ಸೀರೆ, ಕೈಗೆ ಗಂಡಸರ ವಾಚು. ಕರಾವಳಿಯ ಮೀನುಗಾರಿಕೆಯ ಅಂಕಿಸಂಖ್ಯೆಗಳನ್ನು ನೋಡಿಕೊಳ್ಳುವ ಕಚೇರಿಯೊಂದರ ಅಧಿಕಾರಿ. ಯಂತ್ರಗಳು ಇಲ್ಲಿದ್ದವೆಂದು ಇಲ್ಲಿಗೇ ಬಂದು, ದಾಸರಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ನಾವೆಲ್ಲ ಮೂಗು ಮುಚ್ಚಿಕೊಂಡು ಕೂತದ್ದನ್ನು ನೋಡಿ ಬೈಯುತ್ತಾರೇನೋ ಅಂದುಕೊಂಡೆವು. ಅವರು ಒಂದು ಹಾಳೆ ಎತ್ತಿ ಮೂಸಿ ನೋಡಿ ನಕ್ಕರು.

"ನನ್ನ ಅಮ್ಮ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದವರು. ಈ ವಾಸನೆಯಲ್ಲೇ ನಾನು ಎಂ.ಎಸ್‌ಸಿ. ಓದಿದ್ದು. ನಾಲ್ಕು ದಿನ ತಡ್ಕೊಳ್ಳಿ, ನಿಮಗೂ ಅಭ್ಯಾಸ ಆಗ್ತದೆ."

ನಮಗೆ ಅಭ್ಯಾಸವಾಯಿತು, ಮನೆಯವರಿಗೆ ಆಗಲಿಲ್ಲ. ಸಂಜೆ ನಾನು ಮನೆಗೆ ಬಂದರೆ ನಮ್ಮವ್ವ ಬಾಗಿಲಲ್ಲೇ ತಡೆಯುತ್ತಿದ್ದಳು. "ರಾಗಿ ಒಲ ಬಿಟ್ಟು ಮೀನ್ ಲೆಕ್ಕ ಬರಿಯಾಕ್ ಓಗ್ತಾಳಂತೆ ನಮ್ಮುಡ್ಗಿ! ಯಾರಾನ ಕೇಳಿದ್ರೆ ಏನಂತ ಏಳಾನ? ಮೊದ್ಲು ಕೈ ತೊಳ್ಕೊಂಡ್ ಒಳಿಕ್ ಬಾ."

ಬೇರೆ ಕಚೇರಿಯವರು ಅಂಕಿ ಕೊಟ್ಟು ಹೋಗುತ್ತಿದ್ದರು. ಅವು ಏನು, ಎತ್ತ ಎಂದು ನಮಗೆ ಯಾರೂ ಹೇಳುತ್ತಿರಲಿಲ್ಲ. ಮೇಡಂ ಮಾತ್ರ ಮೊದಲ ವಾರವೇ ಗೋಡೆಗೆ ಟ್ಯೂನಾ ಮೀನಿನ ದೊಡ್ಡ ಚಿತ್ರ ಅಂಟಿಸಿದರು. ಕರಾವಳಿಯಲ್ಲಿ ಅದನ್ನು ಕೇದರ ಅನ್ನುತ್ತಾರಂತೆ. ಯಾವ ಬಂದರಿಗೆ ಎಷ್ಟು ಕೇದರ ಬಂತು, ಯಾವ ಬಲೆಯಲ್ಲಿ ಸಿಕ್ಕಿತು, ದೋಣಿ ಎಷ್ಟು ಹೊತ್ತು ಕಡಲಲ್ಲಿತ್ತು, ಮೀನಿನ ಉದ್ದ ಎಷ್ಟು... ಇವೇ ನಮ್ಮ ಕಾರ್ಡಿನ ತೂತುಗಳು. "ಕಡಲಿನ ಒಳಗೆ ಇಣುಕಿ ಮೀನು ಎಣಿಸ್ಲಿಕ್ಕೆ ಆಗುದಿಲ್ಲ. ದಡಕ್ಕೆ ಬಂದದ್ದನ್ನು ಸರಿಯಾಗಿ ಅಳೆದ್ರೆ ಮಾತ್ರ ಒಳಗೆ ಎಷ್ಟು ಉಳಿದಿದೆ ಅಂತ ಅಂದಾಜು ಸಿಗುದು" ಎಂದಿದ್ದರು. ಕಡಲನ್ನೇ ನೋಡಿರದ ನಾನು ಆಮೇಲೆ ಉದ್ದದ ಅಂಕಿ ಒತ್ತುವಾಗಲೆಲ್ಲ ಒಮ್ಮೆ ಗೋಡೆಯ ಚಿತ್ರ ನೋಡುತ್ತಿದ್ದೆ.

ಅವರಿಗೆ ಕೋಪವೂ ಇತ್ತು. ಅವಸರದಲ್ಲಿ ಬೈದುಬಿಡುತ್ತಿದ್ದರು. ಬೈದದ್ದು ತಪ್ಪಾಗಿದ್ದರೆ ಮಾತ್ರ ಎಲ್ಲರೆದುರಿಗೇ "ನನ್ನದೇ ತಪ್ಪು ಮಾರಾಯ್ತಿ" ಎಂದು ಒಪ್ಪಿಕೊಳ್ಳುತ್ತಿದ್ದರು. ಹಾಗೆ ಹೇಳಿದ ಅಧಿಕಾರಿಯನ್ನು ನಾನು ಅವರಿಗಿಂತ ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ.

ವರ್ಷ ತುಂಬುವ ಮೊದಲು ಚೀಲಗಳು ಹಗುರವಾಗತೊಡಗಿದವು. ಮೂರು ಬಂದರುಗಳಿಂದ ಬರುತ್ತಿದ್ದ ಹಾಳೆಗಳಲ್ಲಿ ಅರ್ಧಕ್ಕರ್ಧ ಖಾಲಿ. ಮೇಡಂ ಊರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಮೀನುಗಾರರು ಲೆಕ್ಕ ಕೊಡುವುದನ್ನೇ ನಿಲ್ಲಿಸಿದ್ದರು. ಇದನ್ನು ಹಿಡಿದುಕೊಂಡು ತೆರಿಗೆ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಅದಕ್ಕಿಂತ ದೊಡ್ಡದು ಒಬ್ಬರ ಮೇಲೊಬ್ಬರಿಗಿದ್ದ ಅನುಮಾನ. ಸಣ್ಣ ಕಣ್ಣಿನ ಬಲೆ ಹಾಕಿ ಮರಿ ಕೇದರವನ್ನೆಲ್ಲ ಬಾಚುತ್ತಿರುವುದು ಪಕ್ಕದ ಬಂದರಿನವರು ಎಂದು ಪ್ರತಿಯೊಂದು ಬಂದರಿನವರೂ ಹೇಳುತ್ತಿದ್ದರಂತೆ. ಲೆಕ್ಕ ನಿಂತರೆ ಮರಿ ಮೀನು ಎಷ್ಟು ಹೋಗುತ್ತಿದೆ ಎಂದು ಹೇಳುವವರೇ ಇರುವುದಿಲ್ಲ. ನಮ್ಮ ಶೆಡ್ಡಿನ ಮೀನಿನ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು.

ಎರಡು ದಿನ ಮೇಡಂ ಹಳೆಯ ಹಾಳೆಗಳನ್ನೆಲ್ಲ ತಿರುವಿ ನೋಡಿದರು. ಮೂರನೆಯ ದಿನ ಶೆಡ್ಡಿನ ಯಜಮಾನರ ಕೋಣೆಗೆ ಹೋಗಿ, ಬಂದರಿಗೊಬ್ಬರಂತೆ ಮೂವರು ಮೀನುಗಾರರನ್ನು ಇಲ್ಲಿಗೆ ಕರೆಸುತ್ತೇನೆ ಎಂದರು. ಯಜಮಾನರ ದನಿ ಹೊರಗೆ ನಮಗೂ ಕೇಳಿಸಿತು.

"ಇದು ಮಿಷನ್ ರೂಮು ಕಣ್ರೀ ಮೇಡಂ! ಧೂಳಾಗುತ್ತೆ ಅಂತ ನಮ್ಮ ಹುಡುಗೀರ ಚಪ್ಪಲೀನೇ ಒಳಗೆ ಬಿಡಲ್ಲ ನಾನು. ಮೀನು ಹಿಡಿಯೋರನ್ನ ಕರ್ಕೊಂಡ್ ಬರ್ತೀನಿ ಅಂತೀರಲ್ಲ?"

"ಹೊರಗೆ ಬಿಡ್ತಾರೆ ಬಿಡಿ ಸಾರ್. ದೋಣಿಗೂ ಅವರು ಚಪ್ಪಲಿ ಹಾಕಿ ಹತ್ತುದಿಲ್ಲ."

ಮೂವರೂ ಬೆಳಗಿನ ಬಸ್ಸಿಗೆ ಬಂದಿಳಿದರು. ಒಬ್ಬರು ಬಿಳಿ ಗಡ್ಡದ ಹಿರಿಯರು, ಒಬ್ಬ ನನ್ನ ವಯಸ್ಸಿನ ಯುವಕ, ಇನ್ನೊಬ್ಬರು ಮಾತೇ ಆಡದ ದಪ್ಪ ಮೀಸೆಯವರು. ಒಂದೇ ಬಸ್ಸಿನಲ್ಲಿ ಬಂದಿದ್ದರೂ ಮೂವರೂ ಮೂರು ಮೂಲೆಗೆ ನಿಂತರು. ನಾವು ಕೊಟ್ಟ ಕಾಫಿಯನ್ನೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಡಿದರು. ಹಿರಿಯರೇ ಮೊದಲು ಬಾಯಿ ಬಿಟ್ಟರು.

"ನೀವು ಬರ್ಕೊಳ್ಳುದು, ತಕ್ಕೊಂಡು ಹೋಗುದು. ಆಮೇಲೆ ಅದು ಎಲ್ಲಿಗೆ ಹೋಗ್ತದೆ, ಎಂತ ಆಗ್ತದೆ, ನಮಗೆ ಎಂತ ಗೊತ್ತುಂಟು?"

"ಅದಕ್ಕೇ ಕರೆಸಿದ್ದು" ಎಂದ ಮೇಡಂ, ಯುವಕನ ಬಂದರಿನ ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ನಾನು ಅವನ ಕಣ್ಣೆದುರೇ ಕಾರ್ಡು ಹೊಡೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇದರಲ್ಲಿ ನನ್ನ ಹೆಸರು ಎಲ್ಲಿ ಉಂಟು?"

"ಹೆಸ್ರು ಇರಲ್ಲ ಅಣ್ಣ. ಬಂದರಿಗೊಂದು ನಂಬರು, ಬಲೆಗೊಂದು ನಂಬರು, ಅಷ್ಟೇ. ನೀವ್ಯಾರು ಅಂತ ನಂಗೂ ಗೊತ್ತಾಗಲ್ಲ" ಎಂದೆ.

ಅವನು ಆ ಕಾರ್ಡನ್ನು ಮೀಸೆಯವರ ಕಡೆಗೆ ಚಾಚಿದ. ಅವರಿಬ್ಬರ ನಡುವೆ ಆ ದಿನ ನಡೆದ ಮೊದಲ ವ್ಯವಹಾರ ಅದು. ಆಮೇಲೆ ಮೇಡಂ ಲೆಕ್ಕ ನಿಲ್ಲುವ ಮುಂಚಿನ ಅಷ್ಟೂ ತಿಂಗಳ ಕಾರ್ಡುಗಳನ್ನು ಯಂತ್ರಕ್ಕೆ ಹಾಕಿಸಿದರು. ಕಾರ್ಡುಗಳು ಪಟಪಟನೆ ಬೇರೆ ಬೇರೆ ಗೂಡುಗಳಿಗೆ ಬೀಳುವುದನ್ನು ಮೂವರೂ ಪಕ್ಕಪಕ್ಕಕ್ಕೆ ಬಂದು ಬಗ್ಗಿ ನೋಡಿದರು. ಕೊನೆಗೆ ಮೂರು ಬಂದರುಗಳ ಲೆಕ್ಕವೂ ಒಂದೇ ಹಾಳೆಯಲ್ಲಿ ಅಚ್ಚಾಗಿ ಬಂತು. ಮೇಡಂ ಅದನ್ನು ಮೇಜಿನ ಮೇಲೆ ಹರಡಿ, ಮರಿ ಮೀನಿನ ಸಾಲಿನ ಮೇಲೆ ಪೆನ್ಸಿಲ್ ಇಟ್ಟರು.

ಮೂರೂ ಕಡೆ ಆ ಅಂಕಿ ತಿಂಗಳಿಂದ ತಿಂಗಳಿಗೆ ಏರಿತ್ತು. ಯಾರದೂ ಕಡಿಮೆ ಇರಲಿಲ್ಲ.

ನಾನಾಗಿದ್ದರೆ ಆಗ ಏನಾದರೂ ಹೇಳಿಬಿಡುತ್ತಿದ್ದೆ. ಅಷ್ಟು ಅವಸರದ ಮೇಡಂ ಅಂದು ತುಟಿ ಬಿಚ್ಚಲಿಲ್ಲ... ಮಾತಾಡಿದ್ದು ಮೀಸೆಯವರು.

"ಹಾಗಾದ್ರೆ ನಾವು ಮೂರೂ ಜನ ಸುಳ್ಳು ಹೇಳಿದ್ದು, ಅಲ್ವಾ?"

ಹಿರಿಯರು ಮೊದಲು ನಕ್ಕರು, ಆಮೇಲೆ ಎಲ್ಲರೂ. ನಗು ನಿಂತ ಮೇಲೆ ಹಿರಿಯರು ಕೇಳಿದರು. "ಈಗ ಎಂತ ಮಾಡ್ಬೇಕು ಹೇಳಿ ಮೇಡಂ."

"ಅದು ನಾನು ಹೇಳುದಲ್ಲ. ಮೊಟ್ಟೆ ಇಡುವ ಮೊದಲೇ ಹಿಡಿದ್ರೆ ಮತ್ತೆ ಎಲ್ಲಿಂದ ಬರ್ತದೆ ಅಂತ ನಿಮಗೇ ಗೊತ್ತುಂಟು. ಲೆಕ್ಕ ತೋರಿಸುದು ನನ್ನ ಕೆಲಸ. ಬಲೆ ನಿಮ್ಮದು."

ಊಟದ ಹೊತ್ತಿಗೆ ಮೂವರೂ ಒಂದೇ ಬೆಂಚಿನಲ್ಲಿ ಕೂತು ನಮ್ಮ ಡಬ್ಬಿಯ ಮುದ್ದೆ, ಸಾರು ಹಂಚಿಕೊಂಡರು. ಮುದ್ದೆಯನ್ನು ಅಗಿದು ಅಗಿದು ಸುಸ್ತಾದ ಯುವಕನಿಗೆ ನುಂಗುವುದನ್ನು ಹೇಳಿಕೊಡುವಷ್ಟರಲ್ಲಿ ನಮಗೆ ನಕ್ಕು ನಕ್ಕು ಸಾಕಾಯಿತು. ಮರಿ ಮೀನಿನ ಕಾಲ ಮುಗಿಯುವತನಕ ಸಣ್ಣ ಕಣ್ಣಿನ ಬಲೆಯನ್ನು ದಡದಲ್ಲೇ ಇಡುವುದೆಂದು ಅವರು ಮಾತಾಡಿಕೊಂಡದ್ದು ಆ ಬೆಂಚಿನ ಮೇಲೆಯೇ.

ಮುಂದಿನ ತಿಂಗಳಿನಿಂದ ಚೀಲಗಳು ಮತ್ತೆ ತುಂಬಿ ಬಂದವು. ಪ್ರತಿ ತಿಂಗಳೂ ಅಚ್ಚಾದ ಹಾಳೆಯ ಪ್ರತಿ ಮೂರೂ ಬಂದರಿಗೆ ಹೋಗಿ ಗೋಡೆಗೆ ಅಂಟುತ್ತಿತ್ತು. ಎರಡು ಬಂದರಿನವರು ಮಾತು ಉಳಿಸಿಕೊಂಡರು. ಮೂರನೆಯವರು ಸ್ವಲ್ಪ ಕಾಲದ ಮೇಲೆ ತಪ್ಪಿದರು. "ಶುರುವಿಗೆ ಎರಡು ಸಾಕು" ಎಂದರು ಮೇಡಂ.

ಆದರೆ ಕಚೇರಿಯ ಲೆಕ್ಕವನ್ನು ಮೇಲಿನವರು ನೋಡುವ ಮುಂಚೆ ಮೀನುಗಾರರಿಗೆ ತೋರಿಸಿದ್ದು ಅಲ್ಲಿ ದೊಡ್ಡ ಅಪರಾಧವಾಯಿತು. ಮೇಲಿನ ಅಧಿಕಾರಿಗಳು ಮೇಡಂ ಅವರನ್ನು ಕರೆಸಿಕೊಂಡು ವಿವರಣೆ ಕೇಳಿದರು. ತಿರುಗಿ ಬಂದವರು ನಮ್ಮ ಜೊತೆ ಊಟಕ್ಕೆ ಕೂತು ಹೇಳಿದರು. "ಅವರದ್ದೇ ಮೀನಿನ ಲೆಕ್ಕ ಅವರಿಗೇ ತೋರಿಸಿದ್ದು ತಪ್ಪಾದ್ರೆ, ಆ ತಪ್ಪು ಇನ್ನೊಮ್ಮೆ ಮಾಡ್ತೇನೆ ಅಂತ ಹೇಳಿ ಬಂದೆ." ಕೆಲವೇ ವಾರಗಳಲ್ಲಿ ಅವರನ್ನು ಕಡಲೂ ಇಲ್ಲದ, ಮೀನೂ ಇಲ್ಲದ ದೂರದ ಊರೊಂದಕ್ಕೆ ಹಾಕಿದರು. ಹೊರಟ ದಿನ ಒಬ್ಬೊಬ್ಬರ ಕೈಯನ್ನೂ ಹಿಡಿದು ಕುಲುಕಿದರು. ನಮ್ಮ ಕೈ ಕುಲುಕಿದ ಮೊದಲ ಅಧಿಕಾರಿ ಅವರು.

ನನ್ನ ಮದುವೆಗೆ ಮಾಕಳಿಗೆ ಬಂದಿದ್ದರು. ಆಮೇಲೆ ಭೇಟಿಯಾಗಲಿಲ್ಲ. ಮಕ್ಕಳು, ಸಂಸಾರ... ಹೋಗೋಣ, ಹೋಗೋಣ ಅನ್ನುತ್ತಲೇ ಕಾಲ ಕಳೆಯಿತು. ಕಳೆದ ವರ್ಷ, ಆಗ ನನ್ನ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದ ದಾಸರಹಳ್ಳಿಯ ಗೆಳತಿ ಫೋನ್ ಮಾಡಿ, ಮೇಡಂ ತೀರಿಹೋದರಂತೆ ಎಂದಳು. ಹೋಗಿ ಆಗಲೇ ತಿಂಗಳಾಗಿತ್ತು. ನಾವಿಬ್ಬರೂ ಪೀಣ್ಯದಲ್ಲಿ ಸೇರಿದೆವು. ಶೆಡ್ಡು ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಾರ್ಖಾನೆ. ಎದುರಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ನೆನಪಿಸಿಕೊಂಡರೆ, ಮೇಡಂ ಅವರ ಒಂದು ಫೋಟೋ ಕೂಡ ನಮ್ಮಿಬ್ಬರ ಹತ್ತಿರವೂ ಇಲ್ಲ.

"ಇದ್ದಾಗ ಒಂದ್ಸಲ ಓಗಿ ನೋಡ್ಕೊಂಡ್ ಬರ್ಬೋದಿತ್ತು ಕಣೇ" ಎಂದಳು ಗೆಳತಿ.

ಅಷ್ಟರಲ್ಲಿ ಕಾರ್ಖಾನೆಯ ಪಾಳಿ ಬಿಟ್ಟು ಹುಡುಗಿಯರು ಗುಂಪಾಗಿ ಹೊರಗೆ ಬಂದರು. ಕತ್ತಿಗೆ ಗುರುತಿನ ಚೀಟಿ, ಕೈಯಲ್ಲಿ ಡಬ್ಬಿಯ ಚೀಲ, ಬಾಯಿತುಂಬ ಮಾತು. ತಾವು ಇಡೀ ದಿನ ಮಾಡಿದ್ದು ಯಾರಿಗೆ, ಯಾತಕ್ಕೆ ಎಂದು ಕೂತು ಹೇಳುವವರು ಒಬ್ಬರಾದರೂ ಒಳಗೆ ಅವರಿಗೆ ಸಿಕ್ಕಿರಬಹುದೇ ಎಂದು ಒಂದೊಂದೇ ಮುಖ ನೋಡುತ್ತಾ ನಿಂತೆ... ಬಸ್ಸು ಬಂತು. ಅವರೆಲ್ಲ ಹತ್ತಿ ಹೊರಟುಹೋದರು.