ಮುಟ್ಟದೆ ದಾಟಿದ ನೀರು

ಹಡಗಿನಲ್ಲಿ ಹೋಗಿ ಬಂದ ಮೇಲೆ ಚಿತ್ರದುರ್ಗದಲ್ಲಿ ನಾನು ತರಕಾರಿ ತರಲು ಹೊರಟರೂ ಮನೆಗೆ ಬರುವುದು ಅರ್ಧ ಗಂಟೆ ತಡ. ಯಾರಾದರೊಬ್ಬರು ದಾರಿಯಲ್ಲಿ ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಭರಮಸಾಗರದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳಿಗೆ ಪ್ರಶ್ನೆಗಳೇನೂ ಹೊಸದಲ್ಲ. ಆದರೆ ಇಷ್ಟು ಆಸೆಯಿಂದ ಒಂದು ಮಗುವೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಹಾಗಾಗಿ ಚೀಲ ಕೆಳಗಿಟ್ಟು, ನಿಂತೇ ಉತ್ತರ ಕೊಡುತ್ತೇನೆ.

ಎಲ್ಲರೂ ತಪ್ಪದೆ ಕೇಳುವುದು ಕಕ್ಕಸಿನ ವಿಚಾರ. "ಮೇಡಂ, ಅಷ್ಟು ಜನದ್ದು ಎಲ್ಲಿಗ್ರೀ ಹೋಗ್ತೈತೆ?" ನನಗೆ ಗೊತ್ತಿಲ್ಲ ಎಂದು ಹೇಳುವ ಪ್ರಾಮಾಣಿಕತೆ ಮೊದಲ ವಾರ ಇತ್ತು. ಈಗ, ಒಳಗೇ ಶುದ್ಧಿ ಮಾಡುವ ಯಂತ್ರ ಇದೆಯಂತೆ ಎನ್ನುತ್ತೇನೆ. ಕೇಳಿದವರಿಗೆ ಸಮಾಧಾನವಾಗುತ್ತದೆ. ಆಮೇಲೆ ಊಟ. ಮುದ್ದೆ ಸಿಗುವುದಿಲ್ಲ; ಅನ್ನ, ಸಾರು, ಚಪಾತಿ, ಮೊಸರು ಮೂರು ಹೊತ್ತೂ ಸಿಗುತ್ತದೆ. ಡಬ್ಬಿ ತುಂಬ ಚಟ್ನಿಪುಡಿ, ಹುರಿದ ಮೆಣಸಿನಕಾಯಿ ಹೊತ್ತುಕೊಂಡು ಹೋಗಬೇಡಿ, ಒಳಗೆ ಬಿಡುವುದಿಲ್ಲ. ನನ್ನದನ್ನು ಬಿಡಲಿಲ್ಲ. ಎರಡು ದಿನ ಕೂತು ಕುಟ್ಟಿಸಿದ ಪುಡಿ ಅದು, ಈಗಲೂ ಹೊಟ್ಟೆ ಉರಿಯುತ್ತದೆ.

ಹಡಗು ಕುಲುಕುತ್ತದೆಯೇ ಎಂದರೆ, ಹೊಸದುರ್ಗದ ಬಸ್ಸಿಗಿಂತ ಕಮ್ಮಿ. ನಮ್ಮ ಮನೆಯವರಿಗೆ ಆ ಬಸ್ಸಿನಲ್ಲೇ ವಾಂತಿಯಾಗುತ್ತದೆ, ಅದಕ್ಕೇ ಅವರು ಹಡಗಿನ ಮಾತೆತ್ತಿದ ಕೂಡಲೇ ಕೈ ಮುಗಿದುಬಿಟ್ಟರು. ಅಂಥವರು ಕೆಳಗಿನ ಮಹಡಿಯಲ್ಲಿ, ಹಡಗಿನ ನಡುಮಧ್ಯದ ಕೋಣೆ ಕೇಳಿ ತೆಗೆದುಕೊಳ್ಳಬೇಕು. ಮಾತ್ರೆಯನ್ನು ಹೊಟ್ಟೆ ತೊಳೆಸುವ ಮುಂಚೆ ನುಂಗಬೇಕು, ಆಮೇಲಲ್ಲ. ಇನ್ನು ದೊಡ್ಡ ಚೀಲವನ್ನು ಅವರು ಬಾಗಿಲಲ್ಲೇ ತೆಗೆದುಕೊಂಡು ಕೋಣೆಗೆ ಕಳಿಸುತ್ತಾರೆ, ಅದು ಬರುವುದು ಮೂರು ನಾಲ್ಕು ತಾಸಿನ ಮೇಲೆ. ಔಷಧಿ, ಕನ್ನಡಕ, ಆಧಾರ್ ಕಾರ್ಡು ಕೈಚೀಲದಲ್ಲೇ ಇರಲಿ. ಮತ್ತೆ ಚಪ್ಪಲಿಯನ್ನು ಕೋಣೆಯ ಬಾಗಿಲ ಹೊರಗೆ ಬಿಡಬೇಡಿ. ನಾನೂ ಜೊತೆಗೆ ಬಂದಿದ್ದ ಚಿಕ್ಕಮ್ಮನೂ ಮನೆಯ ರೂಢಿಯಂತೆ ಓಣಿಯಲ್ಲಿ ಸಾಲಾಗಿ ಬಿಟ್ಟು ಒಳಗೆ ಹೋದೆವು. ಒಂದು ತಾಸಿನಲ್ಲಿ ಎರಡು ಜೊತೆಯೂ ಮಾಯ. ಆಪತ್ತಿನಲ್ಲಿ ಜನ ಓಡುವ ದಾರಿಯಲ್ಲಿ ಏನೂ ಇರಬಾರದೆಂಬ ನಿಯಮವಂತೆ. ಕಳೆದುಹೋದ ಸಾಮಾನಿನ ಕೋಣೆಗೆ ಹೋಗಿ, ಇವು ನಮ್ಮವೇ ಎಂದು ಗುರುತು ಹೇಳಿ ಬಿಡಿಸಿಕೊಂಡು ಬಂದೆ.

ಇಷ್ಟೆಲ್ಲ ಬಲ್ಲವಳಂತೆ ಹೇಳುತ್ತೇನೆ. ಆದರೆ ಹೊರಡುವ ಮುಂಚೆ ನನಗೆ ಬಂದ ಮೊಟ್ಟಮೊದಲ ಪ್ರಶ್ನೆಗೇ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಕೇಳಿದವಳು ಈ ಚಿಕ್ಕಮ್ಮನೇ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ನನಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಗಷ್ಟೇ ಮದುವೆಯಾಗಿ ತಾಳ್ಯಕ್ಕೆ ಬಂದಿದ್ದ ಚಿಕ್ಕಮ್ಮ ನನ್ನನ್ನೂ ಸೊಂಟಕ್ಕೆ ಏರಿಸಿಕೊಂಡು ಸಂಸಾರ ಶುರುಮಾಡಿದಳು. ಅದು ಕುರಿ ಸಾಕುವ ಮನೆ. ಅಲ್ಲಿ ಒಂದು ಪದ್ಧತಿ ಇದೆ. ಹಿಂಡು ಹಳ್ಳವನ್ನೋ ಹೊಳೆಯನ್ನೋ ದಾಟುವ ಮುಂಚೆ ಮನೆಯ ಹಿರಿಯ ಹೆಂಗಸು ಮೊದಲು ಇಳಿದು, ಎರಡೂ ಕೈಯಿಂದ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದು ಎಲೆ ಒಂದು ಅಡಿಕೆ ಬಿಟ್ಟು, "ದಾಟ್ತೀವಮ್ಮ" ಎಂದು ಹೇಳಬೇಕು. ಹೇಳದೆ ದಾಟಿದರೆ, ಮತ್ತೆ ಆ ನೀರನ್ನು ಮುಟ್ಟಿ ತಪ್ಪೊಪ್ಪಿಕೊಳ್ಳುವ ತನಕ ಅವಳು ಅನ್ನ ಮುಟ್ಟುವಂತಿಲ್ಲ. ಮಾರಿಕಣಿವೆಯ ಅಣೆಕಟ್ಟು ತುಂಬಿ ಕೋಡಿ ಬಿದ್ದಾಗ ಎಲ್ಲರಂತೆ ನಾವೂ ಹಿರಿಯೂರಿಗೆ ಹೋಗಿದ್ದೆವು. ಜನ ಅಣೆಕಟ್ಟಿನ ಮೇಲೆ ಫೋಟೊ ಹೊಡೆಸಿಕೊಳ್ಳುತ್ತಿದ್ದರೆ, ಚಿಕ್ಕಮ್ಮ ಮೊದಲು ಕೆಳಗಿಳಿದು ನೀರು ಮುಟ್ಟಿ ಬಂದೇ ಮೇಲೆ ಹತ್ತಿದಳು.

ನಿವೃತ್ತಿಯಾದ ಮೇಲೆ ಒಮ್ಮೆ ಸಮುದ್ರ ನೋಡಬೇಕು, ನೋಡಿದರೆ ಚಿಕ್ಕಮ್ಮನ ಜೊತೆಗೇ ನೋಡಬೇಕು ಎಂದು ನನಗೆ ಆಸೆಯಿತ್ತು. ಮುಂಬಯಿಯಿಂದ ಹೊರಟು ಒಂದು ದ್ವೀಪ ತೋರಿಸಿಕೊಂಡು ಬರುವ ಹಡಗಿಗೆ ಟಿಕೆಟ್ ಮಾಡಿಸಿ, ತಾಳ್ಯಕ್ಕೆ ಹೋಗಿ ಹೇಳಿದೆ. ಎಪ್ಪತ್ತೈದರ ಮುದುಕಿ ಹೆದರಲೂ ಇಲ್ಲ, ಕುಣಿಯಲೂ ಇಲ್ಲ. ಒಂದೇ ಒಂದು ಮಾತು ಕೇಳಿದಳು.

"ಹಡಗು ಹತ್ತೋಕೆ ಮುಂಚೆ ನೀರು ಮುಟ್ಟಾಕೆ ಆಗ್ತೈತೇನವ್ವ?"

"ಹಡಗು ನಿಂತಿರೋದೇ ನೀರಲ್ಲಿ ಚಿಕ್ಕಮ್ಮ. ಬೇಕಾದ್ರೆ ಕಾಲು ತೊಳ್ಕಂಡೇ ಹತ್ತು," ಎಂದೆ.

ನಾನು ಹಡಗು ಕಂಡವಳೇ ಅಲ್ಲ. ನನ್ನ ತಲೆಯಲ್ಲಿ ಇದ್ದದ್ದು ಹರಿಗೋಲು. ದಡಕ್ಕೆ ಹೋಗುವುದು, ಸೀರೆ ಸ್ವಲ್ಪ ಎತ್ತಿ ನೀರಿಗಿಳಿಯುವುದು, ಯಾರೋ ಕೈ ಹಿಡಿದು ಹತ್ತಿಸಿಕೊಳ್ಳುವುದು. ಮೂವತ್ತು ವರ್ಷ ಮಕ್ಕಳಿಗೆ ನಕ್ಷೆಯಲ್ಲಿ ಬಂದರು ತೋರಿಸಿದ ಮೇಷ್ಟ್ರಮ್ಮನ ತಿಳಿವಳಿಕೆ ಇಷ್ಟು.

ಮುಂಬಯಿಯಲ್ಲಿ ನಮ್ಮನ್ನು ಕರೆದುಕೊಂಡು ಹೋದದ್ದು ಒಂದು ದೊಡ್ಡ ಕಟ್ಟಡಕ್ಕೆ. ಸಾಲು, ತಪಾಸಣೆ, ಮತ್ತೆ ಸಾಲು. ಚಿಕ್ಕಮ್ಮನ ಎಲೆಅಡಿಕೆಯ ಸಂಚಿಯನ್ನು ಯಂತ್ರದೊಳಗೆ ತೂರಿಸಿ, ಅಡಕತ್ತರಿಯನ್ನು ತೆಗೆದಿಟ್ಟುಕೊಂಡು, ಇಳಿಯುವಾಗ ವಾಪಸು ಕೊಡುತ್ತೇವೆಂದು ಚೀಟಿ ಕೊಟ್ಟರು. ಆಮೇಲೆ ಒಂದು ಉದ್ದನೆಯ ಓಣಿ. ಎರಡೂ ಕಡೆ ಗೋಡೆ, ಮೇಲೆ ಸೂರು, ಕೆಳಗೆ ಕಾರ್ಪೆಟ್ಟು.

"ನೀರೆಲ್ಲೈತೆ?" ಎಂದಳು.

ನನಗೂ ಅದೇ ದಿಗಿಲು. ಹಿಂದೆ ಜನ ನೂಕುತ್ತಿದ್ದರು. "ಮುಂದೆ ಐತೆ, ನಡಿ," ಎಂದೆ. ನಡೆದಳು. ಓಣಿ ಮುಗಿದಾಗ ಮದುವೆ ಛತ್ರದಂಥ ಹಜಾರ, ಗಾಜಿನ ದೀಪ, ಮೇಲೆ ಕೆಳಗೆ ಓಡಾಡುವ ಲಿಫ್ಟು. ಹಡಗಿಗೆ ಎಲ್ಲಿಂದ ಹೋಗಬೇಕು ಎಂದು ಅಲ್ಲಿದ್ದ ಸಮವಸ್ತ್ರದವನನ್ನು ಕೇಳಿದೆ. ನೀವು ಹಡಗಿನಲ್ಲೇ ಇದ್ದೀರಿ ಎಂದು ಅವನು ನಕ್ಕ.

ಹಿಂದಕ್ಕೆ ಹೋಗುತ್ತೇವೆ ಎಂದರೆ ಬಿಡಲಿಲ್ಲ. ಬಿಟ್ಟಿದ್ದರೂ ಆ ಕಟ್ಟಡದಲ್ಲಿ ನೀರಿಗಿಳಿಯುವ ಮೆಟ್ಟಿಲೇ ಇರಲಿಲ್ಲ. ಸಂಜೆ ಎಲ್ಲರಿಗೂ ರಕ್ಷಣಾ ಜಾಕೀಟು ತೊಡಿಸಿ ಅಭ್ಯಾಸ ಮಾಡಿಸಿದರು. ಅದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಅದು ಮುಗಿಯುವಷ್ಟರಲ್ಲಿ ದಡ ಸರಿಯತೊಡಗಿತ್ತು. ಜಾಕೀಟು ಬಿಚ್ಚುವುದನ್ನೂ ಮರೆತು ಚಿಕ್ಕಮ್ಮ ಕಟಕಟೆ ಹಿಡಿದು ನಿಂತಳು. ನೀರು ಕೆಳಗೆ ಬಹಳ ಆಳದಲ್ಲಿತ್ತು, ಐದಾರು ಅಂತಸ್ತಿನ ಮನೆಯ ಮಾಳಿಗೆಯಿಂದ ಅಂಗಳ ಕಂಡಹಾಗೆ.

"ದಾಟಿಬಿಟ್ವಲ್ಲವ್ವ," ಎಂದಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅವತ್ತು ಊಟಕ್ಕೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ತಿಂಡಿಗೂ ಬರಲಿಲ್ಲ, ಬರೀ ನೀರು. ಅವಳಿಗೆ ಸಕ್ಕರೆ ಕಾಯಿಲೆ. ಉಣ್ಣದೆ ಮಾತ್ರೆ ನುಂಗಿದರೆ ತಲೆ ಸುತ್ತಿ ಬೀಳುತ್ತಾಳೆ; ನುಂಗದಿದ್ದರೆ ಅದು ಇನ್ನೊಂದು ಆಪತ್ತು. ದ್ವೀಪ ಮುಟ್ಟುವುದು ಮೂರನೆಯ ದಿನ, ಅದೂ ಗಾಳಿ ಅಲೆ ಬಿಟ್ಟುಕೊಟ್ಟರೆ. ಅಲ್ಲಿಯವರೆಗೆ ಈ ಜೀವ ತಡೆಯುತ್ತದೆಯೇ ಎಂಬುದೊಂದೇ ಆ ಬೆಳಿಗ್ಗೆಯೆಲ್ಲ ನನ್ನ ತಲೆಯಲ್ಲಿ.

ವಿಚಾರಣೆಯ ಕೌಂಟರಿಗೆ ಹೋಗಿ, ನಮ್ಮ ಚಿಕ್ಕಮ್ಮ ಸಮುದ್ರ ಮುಟ್ಟಬೇಕು ಎಂದೆ. ಅಲ್ಲಿದ್ದ ಹುಡುಗಿಗೆ ಅರ್ಥವಾಗಲಿಲ್ಲ. ಎಲ್ಲಾ ಕಡೆ ಸಮುದ್ರವೇ ಇದೆಯಲ್ಲ ಎಂದಳು. ಹೋಗಲಿ, ಹಗ್ಗ ಕಟ್ಟಿ ಒಂದು ಬಕೆಟ್ ಇಳಿಬಿಡಿ ಎಂದೆ. ಹಡಗಿನಿಂದ ಹೊರಕ್ಕೆ ಏನನ್ನೂ ಇಳಿಬಿಡುವಂತಿಲ್ಲ, ಎಸೆಯುವಂತಿಲ್ಲ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಆ ಹುಡುಗಿಯ ಮೇಲೆ ರೇಗಿದೆ. ಪಾಪ, ಅವಳು ನಗುತ್ತಲೇ ಹಡಗಿನ ಡಾಕ್ಟರ ಕೋಣೆಗೆ ದಾರಿ ತೋರಿಸಿದಳು. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಇದನ್ನೂ ತಿಳಿದುಕೊಂಡಿರಿ. ಡಾಕ್ಟರು ಎಲ್ಲಾ ಕೇಳಿಸಿಕೊಂಡು, ಮೊದಲು ಏನಾದರೂ ತಿನ್ನಿಸಿ ಎಂದರು. ಅದು ನನಗೂ ಗೊತ್ತಿತ್ತು.

ಮಧ್ಯಾಹ್ನ ಕೋಣೆಗೆ ಬಂದಾಗ ಅವಳು ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಕೈ ಸಣ್ಣಗೆ ನಡುಗುತ್ತಿತ್ತು. ಊಟದ ಹಜಾರಕ್ಕೆ ಓಡಿದೆ. ಮೇಜಿನ ಮೇಲೆ ನಿಂಬೆಯ ಹೋಳು ತೇಲಿಬಿಟ್ಟಿದ್ದ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು, ಉಪ್ಪಿನ ಡಬ್ಬಿಯನ್ನು ಅದರ ಮೇಲೆ ಬೋರಲು ಮಾಡಿ ಹತ್ತು ಸಲ ಕೊಡವಿ, ಚಮಚದಲ್ಲಿ ಕದಡಿದೆ. ಪಕ್ಕದ ಮೇಜಿನವರು ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದುಕೊಂಡೆ.

"ತಗ, ಸಮುದ್ರದ ನೀರು. ಹಡಗಿನೋರು ಬಕೆಟ್ ಬಿಟ್ಟು ಸೇದಿಕೊಟ್ರು," ಎಂದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಬಾಯಿ ಇದು.

ಅವಳು ಲೋಟ ನೋಡಿದಳು, ನನ್ನ ಮುಖ ನೋಡಿದಳು. ಬೆರಳದ್ದಿ ಕಣ್ಣಿಗೊತ್ತಿಕೊಂಡು, ಒಂದು ಹನಿ ನಾಲಗೆಗೆ ಇಟ್ಟುಕೊಂಡಳು. "ಹೌದೇನವ್ವ," ಎಂದಳು. ಆಮೇಲೆ, "ಸರಿ, ಉಣ್ಣಾಕೆ ಹೋಗಾಣ ನಡಿ," ಎಂದು ಎದ್ದಳು. ಅನ್ನ ಸಾರು ಬಡಿಸಿಕೊಂಡು ಕುಳಿತೆವು. ಅವಳು ನಿಧಾನಕ್ಕೆ ಉಂಡಳು. ನಾನು ಎರಡನೆಯ ತಟ್ಟೆ ಖಾಲಿ ಮಾಡಿದ ಮೇಲೆ, ಹಿಂದಿನ ದಿನದಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿಲ್ಲವೆಂಬುದು ನನಗೆ ತಿಳಿಯಿತು. ಅವಳು ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡಿ, ಗೆದ್ದೆ ಎಂದುಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ ಎಂದರೂ ಸುಳ್ಳಲ್ಲ.

ಮೂರನೆಯ ದಿನ ದ್ವೀಪ ಕಂಡಿತು. ಹಡಗು ದೂರವೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗಳು. ದೋಣಿಗೆ ಸರದಿ ಚೀಟಿ ಕೊಡುತ್ತಾರೆ, ಬೆಳಿಗ್ಗೆ ಬೇಗ ಎದ್ದು ತೆಗೆದುಕೊಳ್ಳಬೇಕು. ವಾಪಸು ಬರುವ ಹೊತ್ತನ್ನೂ ಅದರಲ್ಲೇ ಬರೆದಿರುತ್ತಾರೆ; ತಡವಾದರೆ ಹಡಗು ಕಾಯುವುದಿಲ್ಲ. ಅಲೆ ಸ್ವಲ್ಪ ಜೋರಾಗಿದೆ, ವಯಸ್ಸಾದವರು ಹಡಗಿನಲ್ಲೇ ಉಳಿಯುವುದು ಒಳ್ಳೆಯದು ಎಂದು ಮೈಕಿನಲ್ಲಿ ಹೇಳಿದರು. ನಾನು ಅದನ್ನೇ ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಹೇಗೂ ನೀರು ಮುಟ್ಟಿ ಆಯಿತಲ್ಲ, ಇಲ್ಲೇ ಇರೋಣ ಎಂದೂ ಸೇರಿಸಿದೆ.

"ನೀನು ಬೇಕಾರೆ ಇರು. ನಾನು ಇಳೀತೀನಿ," ಎಂದಳು. ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ಆಗಲೇ ಸಾಲಿನಲ್ಲಿ ನಿಂತಿದ್ದಳು.

ಇಬ್ಬರು ನಾವಿಕರು ಎರಡು ರಟ್ಟೆ ಹಿಡಿದು ಅವಳನ್ನು ದೋಣಿಗಿಳಿಸಿದರು. ಹಿಂದೆಯೇ ನಾನೂ ಇಳಿದೆ. ದೋಣಿಯ ನಡುವೆ ಕೂರಿಸಿದ್ದರಿಂದ ನೀರಿಗೆ ಕೈ ಎಟುಕುವಂತಿರಲಿಲ್ಲ.

ದ್ವೀಪ ಮುಟ್ಟಿದ ಮೇಲೆ ಉಳಿದವರೆಲ್ಲ ಎಳನೀರಿನ ಕಡೆ ಹೋದರು. ಚಿಕ್ಕಮ್ಮ ಮರಳಿನಲ್ಲಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು, ನೇರ ಮೊಣಕಾಲು ಮುಳುಗುವಷ್ಟು ನೀರಿಗೆ ಹೋದಳು. ಬಿದ್ದಾಳೆಂದು ನಾನು ಹಿಂದೆಯೇ ಓಡಿದೆ. ಅವಳಿಗೆ ಅದು ತಿಳಿಯಲಿಲ್ಲ. ಬಗ್ಗಿ ಎರಡೂ ಕೈಯಲ್ಲಿ ನೀರು ಮುಟ್ಟಿ, ಕಣ್ಣಿಗೊತ್ತಿಕೊಂಡು, ಒಂದು ಎಲೆಯ ಮೇಲೆ ಅಡಿಕೆ ಇಟ್ಟು ಬಿಟ್ಟಳು. ಎದುರು ಮನೆಯ ಹೆಂಗಸಿನೊಡನೆ ಮಾತಾಡುವಷ್ಟೇ ಸಲೀಸಾಗಿ ಸಮುದ್ರಕ್ಕೆ ಹೇಳತೊಡಗಿದಳು.

"ತಾಯೀ, ಹೇಳದಂಗೆ ದಾಟಿ ಬಂದೀವಿ, ಹೊಟ್ಟೆಗೆ ಹಾಕ್ಕ. ಈ ಹುಡ್ಗಿ ಕುಡಿಯೋ ನೀರಿಗೆ ಉಪ್ಪು ಕದಡಿ ನಿಂದೇ ಅಂತ ತಂದುಕೊಡ್ತು. ನಿಂಬೆಹಣ್ಣಿನ ವಾಸ್ನೆ ಬರ್ತಿತ್ತು. ಗೊತ್ತಿದ್ದೂ ಉಂಡೆ ಕಣವ್ವ. ನಾನು ಉಣ್ಣದಿದ್ರೆ ಅದೂ ಉಣ್ತಿರ್ಲಿಲ್ಲ, ಮುಖ ಬಾಡಿಹೋಗಿತ್ತು. ತಪ್ಪು ಏನಿದ್ರೂ ನನ್ನ ತಲೆ ಮ್ಯಾಲಿರ್ಲಿ. ಅದರ ತಂಟೆಗೆ ಹೋಗಬ್ಯಾಡ."

ಹುಡುಗಿ ಎಂದದ್ದು ನನ್ನನ್ನು. ನನಗೆ ಅರವತ್ತೊಂದು. ನಾಚಿಕೆಯಾಯಿತೋ ಸಂಕಟವಾಯಿತೋ, ಎರಡೂ ಆಯಿತು. ಅಲ್ಲೇ ನಿಂತು ಅತ್ತುಬಿಟ್ಟೆ. ಅವಳು ತಿರುಗಿ ನೋಡಿದಳು. ಬಗ್ಗಿ ಮತ್ತೊಮ್ಮೆ ನೀರು ತೆಗೆದುಕೊಂಡು, ತನ್ನ ಒದ್ದೆ ಕೈಯನ್ನು ನನ್ನ ಎರಡು ಕಣ್ಣಿಗೂ ಒತ್ತಿದಳು.

"ಸಾಕು, ನೀನೂ ಮುಟ್ಟಿದಂಗಾತು," ಎಂದಳು. "ಬಾ, ನಂಗೆ ಹಸಿವಾಗೈತೆ."