ಮೊದಲು ಅಂದಾಜು, ಆಮೇಲೆ ಲೆಕ್ಕ

ಆ ಶನಿವಾರ ಬೆಳಿಗ್ಗೆ ಉದ್ಯಾವರದ ನಮ್ಮ ಐಸ್‌ಕ್ರೀಮ್ ಘಟಕದಲ್ಲಿ ಎಂದಿನಂತೆ ಜಗಳ ನಡೆದಿತ್ತು. ಯಾವ ಊರಿಗೆ ಹೆಚ್ಚು ಮಾಲು ಕಳಿಸಬೇಕೆಂದು ಮೊದಲು ಎಲ್ಲರೂ ಅಂದಾಜು ಹೇಳಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಹಿಂದಿನ ವಾರಗಳ ಮಾರಾಟ ನೋಡಬೇಕು. ಯಜಮಾನರ ಮಾತಾದರೂ ಲೆಕ್ಕಕ್ಕೆ ಹೊಂದದಿದ್ದರೆ ಬಿಡಬೇಕು. ಇದು ನನ್ನ ಗಂಡ ಮಾಡಿದ್ದ ಕ್ರಮ.

ನಾನು ಕಾಪು ಎಂದೆ. ಕಡಲತೀರಕ್ಕೆ ಜನ ಬರುತ್ತಾರಲ್ಲ.

"ಅಕ್ಕನಿಗೆ ಕಾಪು ಬಿಟ್ಟರೆ ಬೇರೆ ಊರೇ ಇಲ್ಲ," ಎಂದು ಗಾಡಿಯ ಚಾಲಕ ನಕ್ಕ.

ಲೆಕ್ಕ ಕಾರ್ಕಳ ಎಂದಿತು. "ಸೋತೆ ಮಾರಾಯ್ತಿ! ಇವತ್ತಿನ ಚಾ ನಿಂದು," ಎಂದರು ಇವರು.

ಸಂಜೆ ಅವರಿಗೆ ಎದೆನೋವು ಬಂತು. ಮಣಿಪಾಲದ ಆಸ್ಪತ್ರೆಯಿಂದ ನಾನು ಒಬ್ಬಳೇ ಮನೆಗೆ ಬಂದೆ.

ತಿಂಗಳ ನಂತರ ಕೆಲಸಕ್ಕೆ ಹೋದಾಗ ಮತ್ತೆ ಕಾಪು ಎಂದೆ.

"ಆಯ್ತು ಅಕ್ಕ," ಎಂದ ಚಾಲಕ. ಕಂಪ್ಯೂಟರನ್ನು ಯಾರೂ ನೋಡಲಿಲ್ಲ. ಅರ್ಧ ಮಾಲು ವಾಪಸು ಬಂತು.

ನಾನೇ ಮಾರಾಟದ ಲೆಕ್ಕ ತೆರೆದು ಅವನಿಗೆ ತೋರಿಸಿದೆ. "ನಾನು ಹೇಳಿದ್ದು ತಪ್ಪು, ಅಲ್ವಾ?"

"ಹಾಗೆಂತ ಇಲ್ಲ ಅಕ್ಕ, ಒಮ್ಮೊಮ್ಮೆ ಹಾಗಾಗ್ತದೆ," ಎಂದು ಅವನು ಬೇರೆ ಕಡೆ ನೋಡಿದ.

ಅವನದೂ ಉಳಿದ ಕೆಲಸದವರದೂ ಕನಿಕರ ಎಂದು ನನಗೆ ಗೊತ್ತು. ದುಃಖದಲ್ಲಿರುವವಳಿಗೆ ಎದುರು ಮಾತನಾಡಲು ಅವರಿಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಈಗ ಎಲ್ಲರೂ ಬರುವ ಮೊದಲೇ ಒಬ್ಬಳೇ ಕುಳಿತು ಲೆಕ್ಕ ನೋಡಿಕೊಳ್ಳುತ್ತೇನೆ. ಗಾಡಿ ಸರಿಯಾದ ಊರಿಗೇ ಹೋಗುತ್ತದೆ, ಮಾಲೂ ಉಳಿಯುವುದಿಲ್ಲ.

ನೀನು ಹೇಳಿದ್ದು ತಪ್ಪು ಎಂದು ನನ್ನ ಮುಖಕ್ಕೇ ಹೇಳುವವರು ಮಾತ್ರ ಇಲ್ಲ.