ಮುತ್ಯಾನ ಹರಿಗೋಲಿನ ನಂಬರು

ಆಗೆಲ್ಲ ರಜೆ ಅಂದರೆ ನನಗೆ ಹೊಳೆದಂಡೆಯೇ. ದೇವದುರ್ಗದಲ್ಲಿ ಬಸ್ಸು ಬದಲಿಸಿ, ಗೂಗಲ್ ಎಂಬ ಊರಿನ ಹತ್ತಿರ ಇಳಿದು ಅವ್ವನ ತವರಿನತ್ತ ನಡೆದರೆ, ಮನೆ ಕಾಣುವ ಮುಂಚೆಯೇ ಡಾಂಬರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮುತ್ಯಾ, ಅಂದರೆ ಅವ್ವನ ಅಪ್ಪ, ಕೃಷ್ಣೆಯಲ್ಲಿ ಹರಿಗೋಲು ನಡೆಸುತ್ತಿದ್ದ. ಬೋರಲು ಹಾಕಿದ ಹರಿಗೋಲಿನಡಿ ನಾವು ಹುಡುಗಿಯರು ಮನೆಯಾಟ ಆಡುತ್ತಿದ್ದೆವು. ಸಜ್ಜೆ ರೊಟ್ಟಿ, ಪುಂಡಿಪಲ್ಯ ಅಲ್ಲಿಗೇ ಬರುತ್ತಿತ್ತು. ಆಚೆ ದಂಡೆಯವರು ಕೂಗಿದರೆ ಸಾಕು, ಮುತ್ಯಾ ಕೈಯ ತುತ್ತು ಬಿಟ್ಟು ಏಳುತ್ತಿದ್ದ. ಬಾಣಂತಿ, ಹಾಲಿನ ಕ್ಯಾನು, ಮದುವೆ ಹುಡುಗಿ, ಎಲ್ಲ ಅವನ ಕೈಯಲ್ಲೇ ದಾಟಬೇಕು. ಹತ್ತಿದವರೆಲ್ಲ ಯಾರ ಮಗಳು, ಯಾರ ಮಗ ಎಂದು ಕೇಳಿಕೊಳ್ಳುತ್ತಲೇ ದಾಟುತ್ತಿದ್ದರು; ಮುತ್ಯಾನ ಮೊಮ್ಮಗಳೆಂದು ಆಚೆ ದಂಡೆಯ ಮನೆಗಳಲ್ಲಿ ನನ್ನನ್ನೂ ಒಳಗೆ ಕರೆಯುತ್ತಿದ್ದರು.

ಒಂದು ವರ್ಷ ಹೊಳೆಯ ಮೇಲ್ಭಾಗದ ಹಳ್ಳಿಯೊಂದರ ಬಳಿ ಹರಿಗೋಲು ಮಗುಚಿ ಜನ ಸತ್ತರು. ಬೆನ್ನಿಗೇ ನಿಯಮ ಬಂತು: ದೋಣಿಯಿರಲಿ ಹರಿಗೋಲಿರಲಿ, ಹೊರಮೈ ಮೇಲೆ ದೂರಕ್ಕೆ ಕಾಣುವಂತೆ ನಂಬರು ಇರಬೇಕು, ಇಲ್ಲದಿದ್ದರೆ ಜಪ್ತಿ. ಮುತ್ಯಾ ಕಚೇರಿಗೆ ಅಲೆದು ಅಲೆದು ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡು ಬಂದ. ಓದು ಬಾರದವನು, ಕಂಡವರನ್ನೆಲ್ಲ ಕರೆದು ಅದನ್ನು ಓದಿಸಿದ್ದೇ ಓದಿಸಿದ್ದು!

ಆ ವರ್ಷ ಅವ್ವ ಹೆರಿಗೆಗೆ ಬಂದಿದ್ದರಿಂದ ಕಾರಹುಣ್ಣಿಮೆಗೂ ನಾನು ಅಲ್ಲೇ ಇದ್ದೆ. ಹೊಸ ನೀರು ಬರುವ ಮುಂಚೆ, ಆ ಹಬ್ಬದ ದಿನ, ಹರಿಗೋಲಿಗೆ ಮೈತುಂಬ ಡಾಂಬರು ಬಳಿಯುವುದು ಅವರ ಪದ್ಧತಿ. ಮುತ್ಯಾ ಪ್ರತಿ ವರ್ಷದಂತೆ ಬಳಿದ. ಅವ್ವ ಬಂದು ನೋಡಿ ಎದೆ ಬಡಿದುಕೊಂಡಳು.

"ಯಪ್ಪಾ, ನಂಬರಿನ ಮ್ಯಾಲೂ ಬಳದೀಯಲ್ಲೋ!"

"ಬರಿ ಮೈ ಬಿಟ್ರ ನೀರು ಕಣ್ಣು ಹಾಕ್ತದ, ಯವ್ವಾ. ಒಣಗಲಿ, ಮತ್ತ ಬರಸೋಣಂತ."

ಒಣಗಲು ಮಳೆ ಬಿಡಲಿಲ್ಲ. ತಪಾಸಣೆಯವರು ಅಷ್ಟರಲ್ಲೇ ಬಂದರು.

"ಮುತ್ಯಾ, ನಂಬರ್ ಎಲ್ಲದ?"

"ಅದರ್ರೀ ಸಾಹೇಬ್ರ, ಡಾಂಬರಿನ ಬುಡಕ ಅದ," ಎಂದು ಮುತ್ಯಾ ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕತೊಡಗಿದ. ಡಾಂಬರಿನ ಜೊತೆ ಬಿಳಿ ಬಣ್ಣವೂ ಕರಗಿ ಬಂತು. ಕೈಯೆಲ್ಲ ಕರಿ, ಮುಖವೆಲ್ಲ ಬೆವರು. ಸಾಹೇಬರು ಕೆಟ್ಟವರೇನಲ್ಲ. "ನಿನಗೊಬ್ಬಗ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತದ. ನನ್ನ ನೌಕರಿ ಅದ ಯಪ್ಪಾ," ಎಂದರು. ಹರಿಗೋಲನ್ನು ಟ್ರ್ಯಾಕ್ಟರಿಗೆ ಹೇರುವಾಗ ಮುತ್ಯಾ ತಾನೇ ಕೈಕೊಟ್ಟು ಎತ್ತಿದ.

ಬಿಡಿಸಿಕೊಳ್ಳುವ ಹೊತ್ತಿಗೆ ಬಿಸಿಲಿಗೂ ಮಳೆಗೂ ಹರಿಗೋಲಿನ ಬಿದಿರು ಬಿಚ್ಚಿಕೊಂಡಿತ್ತು, ಮತ್ತೆ ನೀರಿಗಿಳಿಸುವಂತಿರಲಿಲ್ಲ. ನೀರು ಇಳಿದ ಮೇಲೆ, "ಮುತ್ಯಾ, ಹೊಳಿಗೆ ಹೋಗೋಣ ಬಾ," ಎಂದು ಕೈ ಎಳೆದೆ.

"ಬ್ಯಾಡವ್ವ. ಆ ದಂಡಿಯವರು ಕರದ್ರ ಏನಂತ ಹೇಳಲಿ?"

ಸಾಯುವತನಕ ಅವನು ಹೊಳೆಗಿಳಿಯಲಿಲ್ಲ, ನಳದ ನೀರಲ್ಲೇ ಮೈ ತೊಳೆದ.

ಈಗ ಸೇತುವೆಯಿದೆ. ರಾಯಚೂರಿನಿಂದ ಬಂದರೆ ಕಂಡಕ್ಟರು ಟಿಕೆಟ್ ಹರಿಯುವಷ್ಟರಲ್ಲಿ ಬಸ್ಸು ಹೊಳೆ ದಾಟಿರುತ್ತದೆ. ಯಾರೂ ಮುಳುಗುವುದಿಲ್ಲ, ಒಳ್ಳೆಯದೇ; ನಿಯಮ ತಪ್ಪೆಂದು ಹೇಳುವ ಬಾಯಿ ನನಗಿಲ್ಲ. ಆದರೆ ಪಕ್ಕದ ಸೀಟಿನವಳು ಯಾರ ಮಗಳೆಂದು ನಾನು ಕೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಆಚೆ ದಂಡೆಯ ಊರಿನಲ್ಲಿ ನನ್ನನ್ನು ಗುರುತಿಸಿ ಒಳಗೆ ಕರೆಯುವ ಒಂದು ಮನೆಯೂ ಈಗ ಇಲ್ಲ.